ಮುಟ್ಟಿದ ಸುದ್ದಿ

ನಮ್ಮ ಊರಿನ ದೊಡ್ಡ ಸ್ಟೇಡಿಯಂ ನಮ್ಮ ಊರಿನಲ್ಲಿಲ್ಲ. ಹೆಸರಿಗೆ ಪುಣೆಯದು, ಟಿವಿಯವರೂ ಪುಣೆ ಎಂದೇ ಹೇಳುತ್ತಾರೆ. ಆದರೆ ಕೋಥರೂಡಿನ ನಮ್ಮ ಮನೆಯಿಂದ ಒಮ್ಮೆ ಹೊರಟು ನೋಡಿ. ಸಿಟಿ ಬಸ್ ಹಿಡಿದು ಶಿವಾಜಿನಗರ, ಅಲ್ಲಿಂದ ಲೋಣಾವಳಾ ಲೋಕಲ್, ಪಿಂಪ್ರಿ ಚಿಂಚವಾಡ ಎಲ್ಲ ದಾಟಿ, ಊರು ಮುಗಿದು ಗುಡ್ಡ ಕಾಣತೊಡಗಿದ ಮೇಲೆ ಒಂದು ಸಣ್ಣ ಸ್ಟೇಷನ್ನು, ಅಲ್ಲಿಂದ ಶೇರ್ ರಿಕ್ಷಾ, ರಿಕ್ಷಾ ನಿಂತಲ್ಲಿಂದ ನಡಿಗೆ. ಇನ್ನೊಂದಿಷ್ಟು ಮುಂದೆ ಹೋದರೆ ಲೋಣಾವಳೆಯ ಚಿಕ್ಕಿಯನ್ನೇ ಕೊಂಡು ತರಬಹುದು. ಅದಕ್ಕೇ ಇಷ್ಟು ವರ್ಷ ಈ ಊರಿನಲ್ಲಿದ್ದೂ ನಾನು ಆ ಕಡೆ ತಲೆ ಹಾಕಿರಲಿಲ್ಲ.

ಅದೊಂದೇ ಕಾರಣ ಎಂದರೆ ಸುಳ್ಳಾಗುತ್ತದೆ. ನಿಜವಾದ ಕಾರಣ ಮನೆಯಲ್ಲಿತ್ತು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿತ್ತು.

ನನ್ನ ಅತ್ತೆಗೂ ನನಗೂ ಜಗಳ ಹತ್ತದ ವಿಷಯ ಒಂದೇ, ಕ್ರಿಕೆಟ್ಟು. ಸಾರಿನ ಹುಳಿಗೆ, ಕುಕ್ಕರಿನ ಸೀಟಿಗೆ, ನಾನು ಆಫೀಸಿನಿಂದ ಬರುವ ಹೊತ್ತಿಗೆ, ಎಲ್ಲದಕ್ಕೂ ನಮ್ಮಲ್ಲಿ ಮಾತಿಗೆ ಮಾತು ಬೆಳೆಯುತ್ತಿತ್ತು. ಆದರೆ ರೇಡಿಯೊದಲ್ಲಿ ಕಾಮೆಂಟರಿ ಶುರುವಾಯಿತೆಂದರೆ ಇಬ್ಬರೂ ಒಂದೇ ಪಕ್ಷ. ಧಾರವಾಡದಿಂದ ಮದುವೆಯಾಗಿ ಬಂದ ಹೊಸದರಲ್ಲಿ, ಕೊನೆಯ ಓವರುಗಳ ಹೊತ್ತಿಗೆ ಅತ್ತೆ ಒಲೆ ಆರಿಸಿ ನಿಂತದ್ದನ್ನು ಕಂಡು ನನಗೆ ಈ ಮನೆಯಲ್ಲಿ ಬಾಳಬಹುದು ಎಂಬ ಧೈರ್ಯ ಬಂದಿತ್ತು. ಊರಾಚೆ ಸ್ಟೇಡಿಯಂ ಕಟ್ಟಿದಾಗ ಅವರೇ ಹೇಳಿದ್ದರು, "ಒಮ್ಮೆ ಇಬ್ಬರೂ ಹೋಗಿ ನೋಡೋಣವಾ. ಗಂಡಸ್ರಿಗೆ ಹೇಳೂದ ಬ್ಯಾಡ." ಆಮೇಲೆ ಅವರ ಮಂಡಿ ಹೋಯಿತು. ಮಂಡಿಯ ಹಿಂದೆ ನೆನಪು ಹೋಯಿತು. ಈಗೀಗ ಟಿವಿಯಲ್ಲಿ ಮ್ಯಾಚ್ ಹಚ್ಚಿದರೆ ಹೆದರುತ್ತಾರೆ. "ಇಷ್ಟ ಮಂದಿ ಯಾಕ ಕೂಡ್ಯಾರ? ಯಾರ ಸತ್ತಾರ?" ಎಂದು ಕೇಳುತ್ತಾರೆ. ನಾನು ಟಿವಿ ಆರಿಸುತ್ತೇನೆ. ಹಾಗೆ ಆರಿಸಿ ಆರಿಸಿ ಮನೆಯಲ್ಲಿ ಕ್ರಿಕೆಟ್ಟೂ ನಿಂತುಹೋಯಿತು.

ನನ್ನ ದಿನ ಹೇಗೆಂದರೆ, ಬೆಳಿಗ್ಗೆ ಅವರನ್ನು ಎಬ್ಬಿಸಿ, ಮೀಯಿಸಿ, ಸಕ್ಕರೆ ಕಾಯಿಲೆಯ ಗುಳಿಗೆ ಕೊಟ್ಟು, ತಿಂಡಿ ತಿನ್ನಿಸುವಷ್ಟರಲ್ಲಿ ಮಾವಶಿ ಬರುತ್ತಾಳೆ. ಮಾವಶಿ ಎಂದರೆ ಹಗಲು ಹೊತ್ತು ಅವರನ್ನು ನೋಡಿಕೊಳ್ಳುವ ಮರಾಠಿ ಹೆಂಗಸು, ಒಳ್ಳೆಯವಳು. ದೀಪ ಹಚ್ಚುವ ಹೊತ್ತಿಗೆ ಅವಳು ಹೋಗಲೇಬೇಕು, ಅವಳ ಮನೆಯಲ್ಲೂ ಒಲೆ ಇದೆ. ಆಗ ನಾನು ಆಫೀಸಿನಿಂದ ಬಂದಿರಲೇಬೇಕು. ನಮ್ಮ ಮನೆಯವರು ಊರಿನಿಂದ ಬಲು ದೂರದ ಕುರಕುಂಭದ ಕೆಮಿಕಲ್ ಕಾರ್ಖಾನೆಯಲ್ಲಿ. ಕಂಪನಿ ಬಸ್ಸಿಗೆ ಹೋದರೆ ಬರುವಷ್ಟರಲ್ಲಿ ಅತ್ತೆ ಮಲಗಿರುತ್ತಾರೆ. ಫೋನನ್ನು ಗೇಟಿನಲ್ಲೇ ಇಟ್ಟು ಒಳಗೆ ಹೋಗಬೇಕು. ಹಾಗಾಗಿ ಹಗಲು ಅವರಿಗೆ ಮನೆ ಇಲ್ಲ, ಮನೆಗೆ ಅವರಿಲ್ಲ. ಒಳಚಿಲಕ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವವಳು ನಾನು. ಅತ್ತೆ ಹೊರಗೆ ಹೋಗಬಾರದೆಂದು ಹಾಕಿದ ಚಿಲಕ ನನಗೂ ಚಿಲಕವೇ ಆಗಿತ್ತು. ಇದನ್ನು ಯಾರಿಗಾದರೂ ಹೇಳಿದರೆ "ಪುಣ್ಯದ ಕೆಲಸ" ಎನ್ನುತ್ತಾರೆ. ಪುಣ್ಯ ಎಂದವರ ಮೇಲೆ ನನಗೆ ಆಗುವಷ್ಟು ಸಿಟ್ಟು ಬೈದವರ ಮೇಲೂ ಆಗುವುದಿಲ್ಲ.

ಇಂಥದರಲ್ಲಿ ಆಫೀಸಿನ ಗೆಳತಿಯೊಬ್ಬಳು ಟೆಸ್ಟ್ ಪಂದ್ಯದ ಎರಡನೆಯ ದಿನದ ಟಿಕೆಟ್ಟು ತಂದು ಮೇಜಿನ ಮೇಲಿಟ್ಟಳು. ಅವಳಿಗೆ ಹೋಗಲಾಗುತ್ತಿರಲಿಲ್ಲ. ಟೆಸ್ಟ್ ಎಂದರೆ ಹಗಲಿನ ಆಟ. ಮಾವಶಿ ಇರುವ ಹೊತ್ತಿನಲ್ಲೇ ಹೋಗಿ ಬರಬಹುದು, ಕೊನೆಯ ಗಂಟೆ ಬಿಟ್ಟರೆ ಸಾಕು. ನಾನು ರಜೆ ಹಾಕಿದೆ. ಹಿಂದಿನ ಸಂಜೆ ಅತ್ತೆಯ ತಲೆ ಬಾಚುತ್ತ ಹೇಳಿದೆ, "ಅತ್ತೀ, ನಾಳೆ ನಾ ಮ್ಯಾಚ್ ನೋಡಾಕ ಹೊಂಟೀನ್ರಿ. ಸ್ಟೇಡಿಯಂಕ." ಅವರು ಕನ್ನಡಿಯಲ್ಲಿ ನನ್ನನ್ನು ನೋಡಿ, "ಜಡೀ ಬಿಗಿ ಆತು" ಎಂದರು. ಮಾತು ಒಳಗೆ ಇಳಿಯಲಿಲ್ಲ ಎಂದುಕೊಂಡೆ.

ಇನ್ನು ಬುತ್ತಿಯ ವಿಷಯ. ಧಾರವಾಡದ ಕಡೆಯವರು ಪಕ್ಕದ ಓಣಿಗೆ ಹೋಗುವಾಗಲೂ ಬುತ್ತಿ ಕಟ್ಟುತ್ತಾರೆ ಎಂದು ಮರಾಠಿ ಗೆಳತಿಯರು ನನ್ನನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಹೊರಗಿನ ವಡಾಪಾವ್ ತಿಂದು ನರಳುವವರು ಅವರೇ. ಟಿಕೆಟ್ಟಿನ ಹಿಂದೆ ಬ್ಯಾಗು ಬೇಡ, ಬಾಟಲಿ ಬೇಡ, ಲೋಹದ ಸಾಮಾನು ಬೇಡ ಎಂದು ಉದ್ದಕ್ಕೆ ಬರೆದಿತ್ತು. ದಿನಾ ಆಫೀಸಿಗೆ ಒಯ್ಯುವ ಸ್ಟೀಲ್ ಡಬ್ಬಿ ಆಗದು ಎಂದಾಯಿತು. ಆದರೆ ಬಟ್ಟೆಯ ಗಂಟು ಬ್ಯಾಗೂ ಅಲ್ಲ, ಬಾಟಲಿಯೂ ಅಲ್ಲ. ಚಪಾತಿಯಲ್ಲಿ ಬದನೆಕಾಯಿ ಪಲ್ಯ ಸುತ್ತಿ, ಮೇಲೆ ಶೇಂಗಾ ಚಟ್ನಿ ಉದುರಿಸಿ, ಅತ್ತೆಯ ಟ್ರಂಕಿನಲ್ಲಿದ್ದ ಹಳೆಯ ಬಿಳಿ ಬುತ್ತಿ ಅರಿವೆಯಲ್ಲಿ ಗಂಟು ಹಾಕಿದೆ. ಕಾನೂನಿನ ಸಂದಿಯಲ್ಲಿ ನುಸುಳಿದ ವಕೀಲನಿಗಾಗುವಷ್ಟು ಖುಷಿಯಾಯಿತು.

ಹೊರಡುವಾಗ ನಮ್ಮ ಮನೆಯಲ್ಲಿ ಕಟ್ಟಳೆಗಳಿವೆ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಹೊರಟವರು ಹೋಗುತ್ತೇನೆ ಎನ್ನಬಾರದು, ಹೋಗಿ ಬರುತ್ತೇನೆ ಎನ್ನಬೇಕು. ಪರ ಊರಿಗೆ ಹೋದವರು ಮುಟ್ಟಿದ ಸುದ್ದಿ ಬರುವ ತನಕ ಮನೆಯ ಹಿರಿಯಳು ಊಟಕ್ಕೆ ಕೂಡಬಾರದು. ಹಿಂದೆ ನಾನು ಧಾರವಾಡಕ್ಕೆ ಹೋದಾಗಲೆಲ್ಲ ಸ್ಟೇಷನ್ನಿನಲ್ಲಿ ಇಳಿದವಳೇ ಎಸ್‌ಟಿಡಿ ಅಂಗಡಿಗೆ ಓಡಬೇಕಿತ್ತು, ಇಲ್ಲಿ ಅತ್ತೆ ಹಸಿದು ಕೂತಿರುತ್ತಾರೆ ಎಂದು. ಗಾಡಿ ತಡವಾದರೆ ಅವರ ಊಟವೂ ತಡ. ಈಗ ಹೆಸರುಗಳು ಮರೆತಿವೆ, ವಾರಗಳು ಮರೆತಿವೆ, ಕಟ್ಟಳೆ ಮಾತ್ರ ಕಲ್ಲಿನಲ್ಲಿ ಕೊರೆದ ಹಾಗೆ ಉಳಿದಿದೆ.

"ಅತ್ತೀ, ಹೋಗಿ ಬರ್ತೀನ್ರಿ."

ಅವರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. "ಹೋಗಿ ಬಾರವಾ" ಎಂದರು. ನಾನು ಚಪ್ಪಲಿ ಮೆಟ್ಟಿ ಇಳಿದೆ.

ಶಿವಾಜಿನಗರದಲ್ಲಿ ಲೋಕಲ್ ಬಂದಾಗ ಅದರಲ್ಲಿ ಜಾಗ ಎಂಬುದು ಉಳಿದಿರಲಿಲ್ಲ. ಹೆಂಗಸರ ಡಬ್ಬಿಯ ಬಾಗಿಲಲ್ಲಿ ಕೆನ್ನೆಗೆ ಬಣ್ಣ ಬಳಿದುಕೊಂಡ ಕಾಲೇಜು ಹುಡುಗಿಯರು, ನೀಲಿ ಅಂಗಿಗಳು, ಪಿಂಪ್ರಿಯ ಕೆಲಸಕ್ಕೆ ಹೊರಟು ಇವರನ್ನೆಲ್ಲ ಶಪಿಸುತ್ತಿದ್ದ ಹೆಂಗಸರು. ನಾನು ಹತ್ತಲಿಲ್ಲ, ನನ್ನನ್ನು ಹತ್ತಿಸಲಾಯಿತು. ಒಂದು ಕಾಲು ನೆಲದ ಮೇಲಿತ್ತು, ಇನ್ನೊಂದು ಯಾರದೋ ಕಾಲಿನ ಮೇಲೆ. ಬುತ್ತಿ ಹಿಡಿದ ಕೈ ತಲೆಯ ಮೇಲೆ. ಮೂಗು ಒಬ್ಬಳ ಮಲ್ಲಿಗೆ ದಂಡೆಯೊಳಗೆ. ಖಡಕಿ ಬಂತು, ದಾಪೋಡಿ ಬಂತು, ಇಳಿಯುವವರು ಇಳಿಯಲಾಗದೆ ಕೂಗಿದರು. ಉಸಿರು ಸಾಲದೆ ನನಗೆ ಗಾಬರಿಯಾಯಿತು. ಮನೆಯಲ್ಲಿ ಒಂದು ಚಿಲಕ, ಇಲ್ಲಿ ನೂರಾರು ಮೈ. ಆದರೂ ಇದು ನಾನೇ ಆರಿಸಿಕೊಂಡ ಇಕ್ಕಟ್ಟು ಎಂದು ಹಲ್ಲು ಕಚ್ಚಿದೆ.

ಸಣ್ಣ ಸ್ಟೇಷನ್ನಿನಲ್ಲಿ ಗಾಡಿ ನಮ್ಮನ್ನೆಲ್ಲ ಹೊರಗೆ ಸುರಿಯಿತು. ಶೇರ್ ರಿಕ್ಷಾದಲ್ಲಿ ಡ್ರೈವರನ ಪಕ್ಕ ಅರ್ಧ ಕೂತು ಹೋದೆ, ಪೊಲೀಸರು ದಾರಿ ಕಟ್ಟಿದಲ್ಲಿ ಇಳಿದು ಹೊಲದ ಪಕ್ಕದ ರಸ್ತೆಯಲ್ಲಿ ನಡೆದೆ. ಗೇಟಿನಲ್ಲಿ ನನ್ನ ವಕೀಲಿ ನಡೆಯಲಿಲ್ಲ. ಹೊರಗಿನ ತಿನಿಸು ಒಳಗೆ ಬಿಡುವುದಿಲ್ಲ ಎಂದು ಕಾವಲಿನ ಹೆಂಗಸು ಗಂಟನ್ನು ಮೂಸಿಯೂ ನೋಡದೆ ಹೇಳಿದಳು. ಎಸೆಯುವ ಡ್ರಮ್ಮು ತೋರಿಸಿದಳು. ಅನ್ನವನ್ನು ಡ್ರಮ್ಮಿಗೆ ಎಸೆಯುವ ಕೈ ನನ್ನದಲ್ಲ. ಹಿಂದಕ್ಕೆ ನಡೆದು, ರಸ್ತೆ ಬದಿ ಧ್ವಜ, ಟೊಪ್ಪಿ ಮಾರುತ್ತ ಕೂತಿದ್ದ ಮುದುಕಿಯ ಕೈಗೆ ಗಂಟು ಕೊಟ್ಟೆ. "ಠೇವಾ ತಾಈ, ಮೀ ಇಥೇಚ ಆಹೇ," ಇಡಿ, ನಾನು ಇಲ್ಲೇ ಇರುತ್ತೇನೆ ಎಂದು ಅವಳು ಅದನ್ನು ಟೊಪ್ಪಿಗಳ ಕೆಳಗೆ ನೆರಳಿಗೆ ಸರಿಸಿದಳು.

ಒಳಗೆ ಹೋಗಿ ಮೆಟ್ಟಿಲು ಹತ್ತಿ ಮೇಲೆ ಬಂದಾಗ ಕಂಡ ಹಸಿರನ್ನು ನಾನು ಮರೆಯಲಾರೆ. ಅಷ್ಟು ದೊಡ್ಡ ಹಸಿರನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ವಿಚಿತ್ರವೆಂದರೆ ಅಲ್ಲಿ ಕಾಮೆಂಟರಿ ಇರಲಿಲ್ಲ. ಜೀವಮಾನವೆಲ್ಲ ಯಾರೋ ಹೇಳಿದ ಆಟವನ್ನೇ ಕೇಳಿದವಳಿಗೆ, ಯಾರೂ ಏನೂ ಹೇಳದ ಆಟ. ಬ್ಯಾಟು ಬೀಸುವುದು ಮೊದಲು ಕಾಣುತ್ತಿತ್ತು, ಟಕ್ಕೆಂಬ ಸದ್ದು ಆಮೇಲೆ ಬರುತ್ತಿತ್ತು. ಅತ್ತೆ ಪಕ್ಕದಲ್ಲಿದ್ದಿದ್ದರೆ "ಆಫ್ ಸ್ಟಂಪಿನ ಹೊರಗ ಬಿಡಬೇಕಿತ್ತು ನೋಡು ಆ ಚೆಂಡ" ಎನ್ನುತ್ತಿದ್ದರು ಎಂದು ಎರಡು ಮೂರು ಸಲ ಅನ್ನಿಸಿತು. ಸಿಟ್ಟೂ ಬಂತು. ಒಂದು ದಿನವಾದರೂ ಇವರು ನನ್ನ ತಲೆಯಿಂದ ಇಳಿಯಬಾರದೇ?

ಊಟದ ವಿರಾಮಕ್ಕೆ ತುಸು ಮೊದಲು ಫೋನು ಬಡಿದುಕೊಂಡಿತು. ಅಷ್ಟು ಹೊತ್ತೂ ಅದು ಸತ್ತ ಹಾಗಿತ್ತು. ಅಷ್ಟು ಜನ ಒಂದೇ ಕಡೆ ಕೂಡಿದರೆ ನೆಟ್‌ವರ್ಕ್ ಎಲ್ಲಿಂದ ಬರಬೇಕು? ಮಾವಶಿಯ ಧ್ವನಿ ಹರಿದು ಹರಿದು ಬಂತು. "ತಾಈ, ಆಜೀ ಜೇವತ ನಾಹೀತ... ದಾರಾತ ಬಸಲ್ಯಾ ಆಹೇತ..." ಅಜ್ಜಿ ಉಣ್ಣುತ್ತಿಲ್ಲ, ಬಾಗಿಲಲ್ಲಿ ಕೂತುಬಿಟ್ಟಿದ್ದಾರೆ. ಯಾಕೆ ಎಂದು ಕೇಳುವಷ್ಟರಲ್ಲಿ ಕಡಿದುಹೋಯಿತು. ಮತ್ತೆ ಹಚ್ಚಿದೆ, ಮತ್ತೆ ಹಚ್ಚಿದೆ. ಹತ್ತಲಿಲ್ಲ.

ಬೆಳಿಗ್ಗೆ ಗುಳಿಗೆ ನುಂಗಿದ್ದಾರೆ. ಗುಳಿಗೆ ನುಂಗಿ ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಏನಾಗುತ್ತದೆಂದು ನಾನು ಕಣ್ಣಾರೆ ಕಂಡಿದ್ದೆ. ಒಮ್ಮೆ ಹಾಗೇ ಕೈ ನಡುಗಿ, ಮೈಯೆಲ್ಲ ಬೆವೆತು, ಬಚ್ಚಲ ಬಾಗಿಲಲ್ಲಿ ಬಿದ್ದಿದ್ದರು. ಹಿಡಿದು ಉಣಿಸಹೋದರೆ ಬಾಯಿ ಬಿಗಿಯುತ್ತಾರೆ. ಮಾವಶಿಯ ಕೈಲಾಗದು, ನನ್ನ ಕೈಯಲ್ಲಿ ಮಾತ್ರ ಉಣ್ಣುತ್ತಾರೆ. ಮೈದಾನದಲ್ಲಿ ಆಗಷ್ಟೇ ಹೊಸ ಬ್ಯಾಟ್ಸ್‌ಮನ್ ಇಳಿಯುತ್ತಿದ್ದ. ಜನ ಎದ್ದು ನಿಂತಿದ್ದರು. ನಾನೂ ಎದ್ದೆ, ಮೊಣಕಾಲುಗಳ ಸಾಲನ್ನು ದಾಟಿ ಹೊರಟೆ.

ಗೇಟಿನಲ್ಲಿ ಅದೇ ಕಾವಲಿನ ಹೆಂಗಸು, ಹೊರಗೆ ಹೋದರೆ ಮತ್ತೆ ಒಳಗೆ ಬಿಡುವುದಿಲ್ಲ ಎಂದು ಎರಡು ಸಲ ಹೇಳಿದಳು. ಗೊತ್ತು ಎಂದೆ. ಟೊಪ್ಪಿಯ ಮುದುಕಿ ನನ್ನನ್ನು ಕಂಡು ಆಶ್ಚರ್ಯಪಟ್ಟಳು. ಇಷ್ಟು ಬೇಗ ಮುಗಿಯಿತೇ ಎಂದಳು. ಗಂಟು ತೆಗೆದುಕೊಂಡು ನಡೆದೆ. ಬೆಳಿಗ್ಗೆ ಮುತ್ತಿಕೊಂಡಿದ್ದ ಶೇರ್ ರಿಕ್ಷಾಗಳಲ್ಲಿ ಒಂದೂ ಇರಲಿಲ್ಲ. ಮಧ್ಯಾಹ್ನ ಸ್ಟೇಡಿಯಂ ಬಿಟ್ಟು ಹೋಗುವ ಹುಚ್ಚರಿಗಾಗಿ ಯಾರು ಕಾಯುತ್ತಾರೆ? ಪಕ್ಕದಲ್ಲೇ ಎಕ್ಸ್‌ಪ್ರೆಸ್ ಹೆದ್ದಾರಿ, ಕಾರುಗಳು ಹಾಯುತ್ತಿದ್ದವು, ಒಂದೂ ನನ್ನದಲ್ಲ, ಒಂದೂ ಅಲ್ಲಿ ನಿಲ್ಲುವ ಹಾಗಿಲ್ಲ. ಸ್ಟೇಷನ್ನಿನ ತನಕ ಬಿಸಿಲಲ್ಲಿ ನಡೆದೆ, ಅರ್ಧ ನಡೆದೆ, ಅರ್ಧ ಓಡಿದೆ. ಹಿಂದಿನಿಂದ ಒಮ್ಮೆಲೇ ದೊಡ್ಡ ಬೊಬ್ಬೆ ಎದ್ದಿತು. ಸಿಕ್ಸರೋ, ವಿಕೆಟ್ಟೋ ತಿಳಿಯಲಿಲ್ಲ. ನಾನು ತಿರುಗಿ ನೋಡಲಿಲ್ಲ, ನೋಡಿದರೂ ಗೋಡೆಯೇ.

ಪ್ಲಾಟ್‌ಫಾರ್ಮಿನಲ್ಲಿ ನರಪಿಳ್ಳೆ ಇರಲಿಲ್ಲ. ಅದನ್ನು ನೋಡಿದ ಮೇಲೆ ನನಗೆ ನೆನಪಾಯಿತು, ಈ ಮಾರ್ಗದಲ್ಲಿ ಮಧ್ಯಾಹ್ನ ಲೋಕಲ್ ಇಲ್ಲ. ಬೆಳಗಿನವು ಮುಗಿದವೆಂದರೆ ಹಳಿಯ ಕೆಲಸಕ್ಕೆಂದು ಬಿಡುವು, ಆಮೇಲಿನದು ಮೂರು ಗಂಟೆಯ ಹೊತ್ತಿಗೇ. ಪುಣೆಯ ಮಕ್ಕಳಿಗೂ ಗೊತ್ತಿರುವ ಮಾತು. ಎಕ್ಸ್‌ಪ್ರೆಸ್ ಗಾಡಿಯೊಂದು ನಿಲ್ಲದೆ ಹಾಯ್ದು ನನ್ನ ಸೆರಗನ್ನು ಕಿತ್ತುಕೊಂಡು ಹೋಗುವ ಹಾಗೆ ಗಾಳಿ ಎಬ್ಬಿಸಿತು. ಒಳಗೆ ಬಿಡುವುದಿಲ್ಲ, ಮುಂದೆ ಒಯ್ಯುವುದಿಲ್ಲ. ಅತ್ತ ದರಿ, ಇತ್ತ ಪುಲಿ. ನಾನು ಬೆಂಚಿನ ಮೇಲೆ ಕೂತು ಅತ್ತೆಯನ್ನು, ಅವರ ಮಗನನ್ನು, ಟಿಕೆಟ್ಟು ಕೊಟ್ಟ ಗೆಳತಿಯನ್ನು, ಎಲ್ಲರನ್ನೂ ಗಟ್ಟಿಯಾಗಿ ಬೈದೆ. ಕೇಳುವವರಿರಲಿಲ್ಲ. ಹಳೆಯ ಹೆದ್ದಾರಿಗೆ ಹೋದರೆ ಯಾವುದಾದರೂ ಬಸ್ ಸಿಕ್ಕೀತು ಎಂದು ಮತ್ತೆ ಏಳುವಷ್ಟರಲ್ಲಿ ಫೋನು ಬಡಿಯಿತು. ಇಲ್ಲಿ ನೆಟ್‌ವರ್ಕ್ ಇತ್ತು.

ಮಾವಶಿ ಅಳುವುದೊಂದು ಬಾಕಿ. ಅಜ್ಜಿ ಕನ್ನಡದಲ್ಲಿ ಏನೋ ಕೇಳುತ್ತಾರೆ, ಕೇಳಿದ್ದನ್ನೇ ಕೇಳುತ್ತಾರೆ, ನನಗೆ ತಿಳಿಯುತ್ತಿಲ್ಲ, ನೀವೇ ಮಾತಾಡಿ ಎಂದು ಫೋನನ್ನು ಅತ್ತೆಯ ಕಿವಿಗೆ ಹಿಡಿದಳು.

"ಮುಟ್ಟಿದಿ ಏನವಾ?" ಅತ್ತೆ ಕೇಳಿದರು.

ಏಳುತ್ತಿದ್ದವಳು ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಕೂತೆ.

"ಮುಟ್ಟೀನ್ರಿ ಅತ್ತೀ."

"ಗಾಡ್ಯಾಗ ಜಾಗಾ ಸಿಕ್ಕಿತ್ತೇನು?"

"ಸಿಕ್ಕಿತ್ರಿ."

"ಬುತ್ತಿ ಉಂಡಿ?"

"ಇಲ್ರಿ. ಈಗ ಉಣ್ತೀನಿ."

"ಉಣ್ಣವಾ. ನಾನೂ ಉಣ್ತೀನಿ." ಅಷ್ಟೇ. ಆ ಕಡೆ ತಟ್ಟೆ ಸರಿಸಿದ ಸದ್ದು ಕೇಳಿಸಿತು, ಮಾವಶಿ "ದೇವಾ" ಎಂದು ಉಸಿರು ಬಿಟ್ಟದ್ದು ಕೇಳಿಸಿತು.

ತೊಡೆಯ ಮೇಲಿದ್ದ ಗಂಟನ್ನು ನೋಡಿದೆ. ದಿನಾ ಸ್ಟೀಲ್ ಡಬ್ಬಿ ಹಿಡಿದು ಹೋಗುವವಳಿಗೆ ಅವರು ಯಾವತ್ತೂ ಕಾದವರಲ್ಲ. ಡಬ್ಬಿ ಎಂದರೆ ಆಫೀಸು, ಸಂಜೆಗೆ ಮರಳುತ್ತದೆ. ಬಿಳಿ ಅರಿವೆಯ ಬುತ್ತಿ ಎಂದರೆ ಪರ ಊರು. ಎಲ್ಲಿಗೆ ಎಂದು ಕೇಳುವ ಹಾಗಿಲ್ಲ, ಹಾಗಾಗಿ ಕೈ ನೋಡಿ ತಿಳಿದುಕೊಂಡಿದ್ದರು. ಅವರಿಗೆ ಬೇಕಾಗಿದ್ದದ್ದು ನಾನಲ್ಲ, ನನ್ನ ಒಂದು ಮಾತು. ಬೆಳಿಗ್ಗೆ ಗೇಟಿನ ಹೊರಗೆ ನಿಂತು ಆ ಒಂದು ಮಾತು ಹೇಳಿದ್ದರೆ ಈಗ ನಾನು ಆ ಹಸಿರಿನ ಮುಂದೆ ಕೂತಿರುತ್ತಿದ್ದೆ. ನಗುವೂ ಬಂತು, ಅಳುವೂ ಬಂತು. ಅಳುವೇ ಹೆಚ್ಚು ಬಂತು. ಹೋದ ಪುಟ್ಟ ಬಂದ ಪುಟ್ಟ ಎನ್ನುತ್ತಾರಲ್ಲ, ಆ ಪುಟ್ಟನಾದರೂ ಮನೆಗೆ ಬಂದಿದ್ದ. ನಾನು ಹೋದಲ್ಲಿಯೂ ಇಲ್ಲ, ಬಂದಲ್ಲಿಯೂ ಇಲ್ಲ.

ಬಸ್ಸು ಹುಡುಕಲು ಹೋಗಲಿಲ್ಲ. ಅತ್ತೆ ಉಣ್ಣುತ್ತಿದ್ದರು, ಇನ್ನು ಅವಸರವಿಲ್ಲ. ಮನೆಗೆ ಬೇಗ ಹೋದರೆ ಆ ಚಿಲಕದೊಳಗೆ ಬೇಗ ಹೋದ ಹಾಗೆ ಅಷ್ಟೇ. ಗಂಟು ಬಿಚ್ಚಿ ಉಂಡೆ. ಚಪಾತಿ ಒಣಗಿ ಬಿರುಸಾಗಿತ್ತು, ಬದನೆಕಾಯಿ ರುಚಿಯಾಗಿತ್ತು. ಗಾಳಿ ಈ ಕಡೆ ಬೀಸಿದಾಗ ಬೊಬ್ಬೆ ತೆಳುವಾಗಿ ಕೇಳಿಸುತ್ತಿತ್ತು, ಹೆಚ್ಚುಕಡಿಮೆ ರೇಡಿಯೊದ ಹಾಗೆಯೇ. ನಿಲ್ಲದ ಗಾಡಿಗಳನ್ನು ನೋಡುತ್ತ ನಿಲ್ಲುವ ಗಾಡಿ ಬರುವ ತನಕ ಕೂತೆ.

ಮನೆಯ ಮೆಟ್ಟಿಲು ಹತ್ತುವಾಗ ಇನ್ನೂ ಬೆಳಕಿತ್ತು. ಮಾವಶಿ ಚಿಲಕ ತೆಗೆದಳು. ಅತ್ತೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಚೆನ್ನಾಗಿಯೇ ಕೂತಿದ್ದರು. ಧೂಳು ತುಂಬಿದ ನನ್ನ ಕಾಲನ್ನು ನೋಡಿದರು, ಬಿಸಿಲಿಗೆ ಕಪ್ಪಿಟ್ಟ ಮುಖ ನೋಡಿದರು. ಮೆಲ್ಲಗೆ ಎದ್ದು ಸೆರಗು ಸರಿಮಾಡಿಕೊಂಡರು.

"ಬರ್ರಿ, ಬರ್ರಿ. ಒಳಗ ಬರ್ರಿ. ಬಿಸಲಾಗ ಬಂದೀರಿ."

ನನ್ನನ್ನು ತಂಗಿ ಎಂದು ತಿಳಿದದ್ದುಂಟು, ಮಾವಶಿ ಎಂದು ಕರೆದದ್ದುಂಟು. ರೀ ಹಚ್ಚಿ ಮಾತಾಡಿಸಿದ್ದು ಅದೇ ಮೊದಲು. ಮಾವಶಿ ತಲೆ ತಗ್ಗಿಸಿ ತನ್ನ ಚೀಲ ಹುಡುಕತೊಡಗಿದಳು. ಅತ್ತೆ ಅವಳಿಗೆ ಸನ್ನೆ ಮಾಡಿ ಬೆಲ್ಲ, ನೀರು ತರಿಸಿ ನನ್ನ ಮುಂದೆ ಇಡಿಸಿದರು. ನಾನು ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದೆ. ಬಂದವರು ಹಾಗೆ ಮಾಡಬೇಕು.

"ನಮ್ಮ ಸೊಸಿ ಮನ್ಯಾಗ ಇಲ್ರಿ," ಅತ್ತೆ ಹೇಳಿದರು. "ಮ್ಯಾಚ್ ನೋಡಾಕ ಹೋಗ್ಯಾಳ. ಸ್ಟೇಡಿಯಂಕ. ಮುಟ್ಟೀನಿ ಅಂತ ಫೋನ್ ಮಾಡಿದ್ಲು."

ಮಾವಶಿ ಹೋಗಿ ಬರುತ್ತೇನೆಂದು ಹೇಳಿ ಹೊರಟಳು. ನಾನು ಎದ್ದು ಚಿಲಕ ಹಾಕಿ ಬಂದು ಮತ್ತೆ ಕೂತೆ.

"ಯಾವಾಗ ಬರ್ತಾಳ್ರಿ?" ಎಂದು ಕೇಳಿದೆ. ನನ್ನ ಧ್ವನಿ ನನಗೇ ಬೇರೆಯಾಗಿ ಕೇಳಿಸಿತು.

"ಲಗೂ ಬಾ ಅಂತ ನಾ ಹೇಳಿಲ್ರಿ. ಆಕಿಗೆ ಕ್ರಿಕೆಟ್ ಅಂದ್ರ ಜೀವಾ. ದಿನಾ ಇಲ್ಲೇ ಸಿಕ್ಕೊಂಡಿರ್ತಾಳ ಪಾಪ, ನನ್ನ ಸಲುವಾಗಿ. ಪೂರಾ ನೋಡಿ ಬರ್ಲಿ." ನನ್ನ ಕಡೆ ಬಾಗಿ ತಗ್ಗಿದ ಧ್ವನಿಯಲ್ಲಿ, "ನೀವು ಅವಸರ ಮಾಡಬ್ಯಾಡ್ರಿ, ಕೂಡ್ರಿ. ಆಕಿ ಬಂದ ಕೂಡ್ಲೆ ಚಾ ಮಾಡ್ತಾಳ" ಎಂದರು.

ನಾನು ಎದ್ದು ದೀಪ ಹಚ್ಚಬೇಕಿತ್ತು, ಅನ್ನಕ್ಕೆ ಇಡಬೇಕಿತ್ತು. ಆದರೆ ಬಂದವರು ಬೇರೆಯವರ ಅಡುಗೆಮನೆಗೆ ಹೇಗೆ ಹೋಗುವುದು? ಕೂತೇ ಇದ್ದೆ. ಹೊರಗೆ ಕತ್ತಲಾಗುತ್ತ ಬಂತು. ಅತ್ತೆ ಬಾಗಿಲ ಕಡೆ ನೋಡುತ್ತಿದ್ದರು, ನಾನೂ ನೋಡುತ್ತಿದ್ದೆ. ಇಬ್ಬರೂ ಕೂಡಿ ನನ್ನ ದಾರಿ ಕಾದೆವು.